ಶಾಂತಕ್ಕ ತಂದ ಬುತ್ತಿ

ಶಾಂತಕ್ಕ ಬೈಯದೆ ಯಾರನ್ನೂ ಮಾತಾಡಿಸಿದವಳಲ್ಲ. ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ, ನಮ್ಮದೇ ಮನೆಯ ಮುಂದಿನ ಎರಡು ಖೋಲಿಗಳಲ್ಲಿ ಬಾಡಿಗೆಗಿದ್ದು ಜಂಪರು ಹೊಲಿಯುತ್ತಿದ್ದಳು. ಅಳತೆ ಕೊಡಲು ಹೋದರೆ ಟೇಪು ಹಿಡಿಯುವ ಮೊದಲೇ, "ಏನ ಬೇ, ಇಷ್ಟ ಉಬ್ಬೀದಿ? ಅತ್ತಿ ಪಾಲಿಂದೂ ನೀನ ತಿಂತಿಯೇನ?" ಎಂದು ಓಣಿಗೆಲ್ಲ ಕೇಳುವಂತೆ ಒದರುವಳು. ಒಳಗೆ ನಮ್ಮತ್ತೆ ಬಾಯಿಗೆ ಸೆರಗಿಟ್ಟು ನಗುತ್ತಿದ್ದರು. ಅವರಿಬ್ಬರೂ ಜೀವದ ಗೆಳತಿಯರು.

ಗೋಳಗುಮ್ಮಟ ನೋಡಲು ಬರುವವರಿಗೆ ಆ ಖೋಲಿಗಳನ್ನು ದಿನದ ಬಾಡಿಗೆಗೆ ಕೊಡುವ ಹುಚ್ಚು ಹತ್ತಿದ್ದು ನನಗೇ. ತಪ್ಪನ್ನು ಗಂಡನ ಮೇಲೆ ಹಾಕಿದರೆ ನಾಲಿಗೆ ಬಿದ್ದೀತು. ಬಣ್ಣ ಹೊಡೆಸಿದ ಮೇಲೆ ಮತ್ತೆ ಬರುವೆಯಂತೆ ಎಂದು ಸುಳ್ಳು ಹೇಳಿ ಶಾಂತಕ್ಕನಿಂದ ಖೋಲಿ ಬಿಡಿಸಿದೆ. ಅವಳು ಅಂದು ಬೈಯಲಿಲ್ಲ. ಮಷೀನು ಹೇರಿಕೊಂಡು ತಿಕೋಟಾದ ತಂಗಿಯ ಮನೆ ಸೇರಿದಳು. ಅಲ್ಲಿ ಅವಳ ಹೊಲಿಗೆಯ ಕೈ ಬಲ್ಲವರು ಯಾರಿದ್ದರು? ಒಣದ್ರಾಕ್ಷಿ ಆರಿಸುವ ಕೂಲಿಗೆ ಹೋಗುತ್ತಾಳೆಂದು ಕೇಳಿದೆ. ಕೇಳಿ ಸುಮ್ಮನಾದೆ. ನಮ್ಮನ್ನು ನೋಡಿ ಓಣಿಯ ಉಳಿದವರೂ ಬಾಡಿಗೆಯವರನ್ನು ಬಿಡಿಸಿದರು. ಕೆಲವರು ಇಡೀ ಮನೆಯನ್ನೇ ಪ್ರವಾಸಿಗಳಿಗೆ ಕೊಟ್ಟು ಹೊಸ ಬಡಾವಣೆಗೆ ಹೋದರು.

ಹೋದ ಚಳಿಗಾಲದಲ್ಲಿ ಅತ್ತೆ ತೀರಿಕೊಂಡರು. ಸತ್ತ ಮನೆಯಲ್ಲಿ ಅಂದು ಒಲೆ ಹೊತ್ತಿಸುವುದಿಲ್ಲ, ಓಣಿಯವರು ಬುತ್ತಿ ತರಬೇಕು. ಮಣ್ಣು ಮುಗಿಸಿ ಬಂದು ನಾವೂ ದೂರದ ನೆಂಟರೂ ಹಸಿದು ಕುಳಿತೆವು. ತರಲು ಓಣಿಯಲ್ಲಿ ಯಾರಿದ್ದರು? ಮುಂದಿನ ಖೋಲಿಗಳಲ್ಲಿದ್ದ ಪುಣೆಯ ಗಂಡಹೆಂಡತಿ ಬಾಗಿಲಿಗೆ ಬಂದು, ಪಾಪ, ಬಿಸಿನೀರು ಬರುತ್ತಿಲ್ಲವೆಂದು ಹೇಳಲೋ ಬೇಡವೋ ಎಂದು ತಡವರಿಸಿ ಹೋದರು.

ಹೊತ್ತು ಇಳಿಯುವಾಗ ಶಾಂತಕ್ಕ ಬಂದಳು, ತಲೆಯ ಮೇಲೆ ಬುತ್ತಿಗಂಟು. ಬಸ್ಸಿನಲ್ಲಿ ನಿಂತೇ ಬಂದಿದ್ದಳಂತೆ. ರೊಟ್ಟಿ, ಝುಣಕಾ, ಮೊಸರು ಬಿಚ್ಚಿ ಎಲ್ಲರಿಗೂ ಬಡಿಸಿದಳು. ನಾನು ತಾಟನ್ನು ಪಕ್ಕಕ್ಕೆ ಸರಿಸಿದೆ. "ಉಣ್ಣ ಬೇ. ಆಕಿ ಇದ್ದಿದ್ರ ನಿನ್ನ ಉಪಾಸ ಕೆಡವತಿದ್ಲೇನ?" ಎಂದು ತಾನೇ ಬಾಯಿಗಿಟ್ಟಳು. ಭೂಮಿ ಬಿರಿದು ನುಂಗಬಾರದೇ ಎನ್ನಿಸಿತು ನನಗೆ.

ಕತ್ತಲಾಯಿತು, ಇವತ್ತೊಂದು ದಿನ ಇಲ್ಲೇ ಇರಕ್ಕಾ ಎಂದೆ. ಒಳಗೆ ಕಾಲಿಡಲು ಜಾಗವಿಲ್ಲದಂತೆ ನೆಂಟರು ಮಲಗಲು ಹಾಸುತ್ತಿದ್ದರು. ಅವಳು ಖಾಲಿ ಡಬ್ಬಿಗಳನ್ನು ಅರಿವೆಯಲ್ಲಿ ಕಟ್ಟುತ್ತ ಕೇಳಿದಳು:

"ಎಲ್ಲಿ ಇರ್ಲಿ, ನೀನ ಹೇಳು."

ಸಿಟ್ಟಿನ ಮಾತಾಗಿರಲಿಲ್ಲ ಅದು, ನಿಜವಾಗಿಯೂ ಕೇಳಿದ್ದಳು. ನಾನು ಮುಂದಿನ ಖೋಲಿಗಳ ಕಡೆ ನೋಡಿದೆ, ಅಲ್ಲಿ ಪುಣೆಯವರ ದೀಪ ಉರಿಯುತ್ತಿತ್ತು. ಆಮೇಲೆ, ಕಡೆಯ ಬಸ್ಸು ತಪ್ಪೀತೆಂದು ಎದ್ದು ಹೋದಳು.