ದಾರಿಗೊಂದು ತಂಬಿಗಿ ನೀರು

ಸವಣೂರಿನ ಎಲಿ ವ್ಯಾಪಾರಿ ಮುಜಾಫರ ಎಂಥಾ ಮನಷ್ಯಾ ಅಂದ್ರ, ಹೆಂಡ್ತಿ ಹೊಡಿಯೋ ಗಾಡ್ಯಾಗ ವೀಳ್ಯದೆಲಿ ಪುಟ್ಟಿ ಇಟ್ಟು ಕಳಸ್ತಿದ್ದ, ತಾನು ಮಾತ್ರ ಒಂದಿನಾನೂ ಅದರಾಗ ಕುಂತಾಂವಲ್ಲ. ಎಲಿ ಭಾಳ ನಾಜೂಕ ಮಾಲು. ಅದನ್ನ ಆಕಿ ಕೈಯಾಗ ಕೊಡ್ತಿದ್ದ, ತನ್ನ ಜೀವ ಕೊಡ್ತಿದ್ದಿಲ್ಲ. "ನಂಗ ಗಾಳಿ ಬೇಕು" ಅಂತ ಸ್ಕೂಟರ್ ಏರ್ತಿದ್ದ. ಹೌದಪಾ, ಗಾಡಿಗೆ ಕಿಟಕಿನ ಇರೂದಿಲ್ಲ ನೋಡು!

ಹೆಂಡ್ತಿ ನುಜಹತ ಚಿಕ್ಕೇರೂರಿನ ಸರಕಾರಿ ಹೈಸ್ಕೂಲಿನ್ಯಾಗ ಗಣಿತ ಟೀಚರು. ಅಲ್ಲಿಗೆ ವರ್ಗ ಆದ ಹೊಸದಾಗಿ ಬಂಕಾಪುರ ಕ್ರಾಸಿಗೆ ಒಂದು ಬಸ್ಸು, ಹಾನಗಲ್ಲಿಗೆ ಇನ್ನೊಂದು, ಅಲ್ಲಿಂದ ಮುಂದ ಸಿಕ್ಕದ್ದು. ನಿಂತು ನಿಂತು ಮೊಳಕಾಲ ಹಿಡದು, ಕಡೀಗೆ ನಲವತ್ತು ದಾಟಿದ ಮ್ಯಾಲ ಡ್ರೈವಿಂಗ್ ಕಲ್ತು, ಬೂದಿ ಬಣ್ಣದ ಒಂದು ಸಣ್ಣ ಎಸ್‌ಯುವಿ ತಗೊಂಡ್ಳು. ತಗ್ಗು-ದಿನ್ನ್ಯಾಗ ಹೊಟ್ಟಿ ತಾಗಬಾರದು, ತಮ್ಮ ಇಕ್ಕಟ್ಟು ಓಣ್ಯಾಗೂ ಹಿಡಿಬೇಕು, ಅಂಥಾದ್ದನ್ನ ಹುಡುಕಿ ತಗೊಂಡದ್ದು. ಟಾಯರಿಗೆ ಗಾಳಿ, ಇಂಜಿನ್ನಿಗೆ ಆಯಿಲ್, ಎಲ್ಲಾ ತಾನ ಬಗ್ಗಿ ನೋಡ್ತಿದ್ಳು. ಮುಂಜಾನೆ ಬಂಕಾಪುರ ದಾಟಿ ಖುಲ್ಲಾ ರಸ್ತಾದಾಗ ಗೇರ್ ಏರಿಸಿದ್ಳಂದ್ರ ಆಕಿಗೆ ಆಗೋ ಖುಷಿ ಎಷ್ಟಂತೀರಿ! ಮನ್ಯಾಗ ಹೇಳಿದ್ರ ನಗ್ತಾರಂತ ಯಾರ ಮುಂದೂ ಹೇಳಿರಲಿಲ್ಲ.

"ಹೆಂಗೂ ಹೊಂಟೀಯಲ್ಲ" ಅಂತ ಮುಜಾಫರ ಹಿಂದಿನ ಸೀಟು ಅರ್ಧಾ ಮಡಚಿ ಎಲಿ ಪುಟ್ಟಿ ಹೇರಾಕ ಶುರು ಮಾಡಿದ. ಹಾನಗಲ್ಲ ಬಸ್‌ಸ್ಟ್ಯಾಂಡಿನ ಅಂಗಡಿಗೆ ಒಂದಿಷ್ಟು, ಚಿಕ್ಕೇರೂರಿಗೆ ಒಂದಿಷ್ಟು. ಪುಟ್ಟಿ ಮ್ಯಾಲ ಹಸಿ ಗೋಣಿತಟ್ಟು ಹೊಚ್ಚಿ, ಅದರ ಮ್ಯಾಲ ಒಂದು ತಂಬಿಗಿ ನೀರು ಹೊಯ್ದ ಬಾಗ್ಲ ಹಾಕಾಂವ. ಅದು ಅವರಪ್ಪನ ಕಾಲದ ರೂಢಿ. ಮಾಲು ಹೇರಿದ ಮ್ಯಾಲ ದಾರಿಗೆ ಅಂತ ಒಂದು ತಂಬಿಗಿ. ಅದನ್ನ ಹೊಯ್ಯಲಾರದ ಅವರ ಮನಿ ಪುಟ್ಟಿ ಓಣಿ ದಾಟಾಂಗಿಲ್ಲ.

ವರ್ಷ ತುಂಬೂದ್ರಾಗ ಗಾಡಿಗೆ ಹುಚ್ಚ ಹಿಡದಂಗಾತು. ಬಾಗ್ಲ ತಾವ ಟಕ್ ಅಂತ ಲಾಕ್ ಆಗೂವು, ಮೀಟರಿನ್ಯಾಗ ಕೆಂಪು ದೀಪ ಹತ್ತೂದು, ನಡದಾರ್ಯಾಗ ಇಂಜಿನ್ ಬಂದ್ ಬೀಳೂದು. ಶಿಗ್ಗಾಂವದ ಮೆಕ್ಯಾನಿಕ್ ಸುನೀಲ ಬ್ಯಾಟರಿ ಬದಲಿಸಿದ, ಸೆನ್ಸರ್ ಬದಲಿಸಿದ. ದಿನಾ ಆಕಿ ಜೋಡಿ ಬರೋ ಶ್ರೀವಿದ್ಯಾ ಟೀಚರು, "ನುಜಹತ್, ನಿಮ್ಮ ಗಾಡಿ ತಳದಾಗ ಕೆರಿ ಅದ ಏನ್ರೀ? ನನ್ನ ಸೀರಿ ಅಂಚು ದಿನಾ ತೊಯ್ತದ" ಅಂತ ನಗಾಡಿದ್ರು. ಅದನ್ನ ನುಜಹತ ಹೇಳಿದ್ದಕ್ಕ ಸುನೀಲ, "ಎಸಿ ನೀರು ಹೋಗೋ ಪೈಪು ಕಟ್ಟಿರಬೇಕ್ರಿ" ಅಂತ ಅದನ್ನೂ ಊದಿ ಸ್ವಚ್ಛ ಮಾಡಿಕೊಟ್ಟ. ನಾಕು ದಿನ ಛಲೋ, ಮತ್ತ ಅದ ರಾಗ.

ಮುಜಾಫರಗ ಮಾತ್ರ ಕಾರಣ ಮೊದಲ ಗೊತ್ತಿತ್ತಂತ!

"ಗಾಡಿ ಕೆಟ್ಟಿಲ್ಲ, ನಿನ್ನ ಕಾಲು ಕೆಟ್ಟೈತಿ. ಕ್ಲಚ್ಚಿನ ಮ್ಯಾಲ ಕಾಲ ಇಟ್ಕೊಂಡ ಹೊಡೀತಿ ನೀ."

"ನೀವು ಯಾವಾಗ ನೋಡೀರಿ?"

"ನೋಡೂದ್ಯಾಕ? ಹೆಣ್ಮಕ್ಕಳೆಲ್ಲಾ ಹಂಗ ಹೊಡಿಯೂದು."

ಅವನ ಸ್ಕೂಟರಿನ ಬ್ರೇಕು ಕಿರ್ರ್ ಅಂದ್ರ ಓಣಿಗೆಲ್ಲಾ ಕೇಳ್ತಿತ್ತು. ಆ ಮಾತು ಬ್ಯಾರೆ, ಬಿಡ್ರಿ.

ಒಂದಿನ ಬಂಕಾಪುರ ಕ್ರಾಸಿನ ನಟ್ಟ ನಡುವ ಗಾಡಿ ನಿಂತ್ಬಿಡ್ತು. ಹಿಂದ ಲಾರಿಯವ್ರು ಹಾರ್ನ್ ಹೊಡದು ಹೊಡದು ಮಾನಾ ಕಳದ್ರು. ಅವತ್ತ ಸಂಜೀಕ ಮುಜಾಫರ, "ಸಾಕಿನ್ನ, ಮಾರಿಬಿಡೂಣು. ಹಳೇ ಗಾಡಿ ತಗೊಳ್ಳೋ ತಡಸದ ಮುನಾಫ ಐತವಾರ ನೋಡಾಕ ಬರ್ತಾನ" ಅಂದ. ಗಾಡಿ ಆಕಿ ಹೆಸರಿಲೆ ಇತ್ತು ಖರೆ. ಆದ್ರ ನಡದಾರ್ಯಾಗ ಕೈ ಕೊಡೋ ಗಾಡಿ ಸಲುವಾಗಿ ಹಟಾ ಹಿಡಿಯಾಕ ಆಕಿಗೂ ಬಾಯಿ ಬರಲಿಲ್ಲ. ಮತ್ತ ಆ ಬಸ್ಸು, ಮತ್ತ ಆ ಕಂಬಿ ಹಿಡದು ನಿಲ್ಲೂದು ಅಂತ ನೆನಸ್ಕೊಂಡು ಅಡಗಿ ಮನ್ಯಾಗ ಒಬ್ಬಾಕಿನ ಅತ್ಲು. ಕೇಳಿ ಕೇಳಿ ಆಕಿಗೂ ತನ್ನ ಕಾಲಿನ ಮ್ಯಾಲ ಸಂಶೆ ಬಂದಿತ್ತು. ಮರುದಿನ ದಾರಿ ತುಂಬ ರಸ್ತಾ ನೋಡೂದು ಬಿಟ್ಟು ತನ್ನ ಎಡಗಾಲ ನೋಡ್ಕೋತ ಹ್ವಾದ್ಲು. ಶ್ರೀವಿದ್ಯಾ ಟೀಚರು, "ಅಯ್ಯ, ಮುಂದ ನೋಡ್ರೀ ನಮ್ಮವ್ವಾ!" ಅಂತ ಒದರಿದ್ರು.

ಶನಿವಾರ ಸಾಲಿ ಬಿಟ್ಟ ಕೂಡಲೆ ಆಕಿ ಸೀದಾ ಶಿಗ್ಗಾಂವಕ್ಕ ಹೊಡಕೊಂಡು ಬಂದ್ಲು. ಮಾರೂ ಗಾಡಿ ಒಮ್ಮೆ ತೊಳಿಸಿದ್ರಾತು ಅಂತ ಮುಜಾಫರನೂ ಸ್ಕೂಟರ್ ಮ್ಯಾಲ ಬಂದು ಗ್ಯಾರೇಜಿನ್ಯಾಗ ಕುಂತಿದ್ದ.

"ಸುನೀಲಪ್ಪಾ, ತೊಳಿಯೂದು ಆಮ್ಯಾಲ" ಅಂದ್ಲು ನುಜಹತ. "ಸೀಟು ಬಿಚ್ಚು. ತಳದ ಕಾರ್ಪೆಟ್ ಎತ್ತಿ ನೋಡೂಣು. ಎಸಿ ಬಂದ್ ಇಟ್ಟ ದಿನಾನೂ ಶ್ರೀವಿದ್ಯಾ ಟೀಚರ್ ಸೀರಿ ತೊಯ್ದೈತಿ. ಆ ನೀರು ಎಲ್ಲಿಂದ ಬರ್ತೈತಿ, ನಂಗ ಗೊತ್ತಾಗಬೇಕು."

ಸುನೀಲ ಎಡಗಡೆ ಸೀಟು ಬಿಚ್ಚಿ ಕಾರ್ಪೆಟ್ ಎತ್ತಿದ್ನೋ ಇಲ್ಲೋ, ಗಬ್ಬಂತ ವಾಸನಿ ಬಂತು. ಕೆಳಗ ನೀರು ಕರ್ರಗ ನಿಂತಿತ್ತು. ಆ ನೀರಾಗ ಬಾಗ್ಲಕ್ಕ, ಇಂಜಿನ್ನಿಗೆ ಹೋಗೋ ವೈರಿನ ಜೋಡಣಿ ಮುಳುಗಿ ಹಸರ ಕಿಲುಬು ಹಿಡದಿತ್ತು. ತಗಡಿಗೆ ಏನೋ ಕೊಳತದ್ದು ಅಂಟಿತ್ತು. ಮುಜಾಫರ ಬಗ್ಗಿ ಅದನ್ನ ಉಗುರಿಲೆ ಬಿಡಿಸಿ, ಮೂಗಿಗೆ ಹಿಡದ. ಹುಟ್ಟಿದಾಗಿಂದ ಎಲಿ ನಡುವ ಬೆಳದಾಂವ, ಅವಗ ಯಾರೂ ಹೇಳಿಕೊಡೂದು ಬೇಕಿದ್ದಿಲ್ಲ.

"ನಮ್ಮ ಪುಟ್ಟ್ಯಾಗಿನ ಎಲಿ" ಅಂದ. ದನಿ ಸಣ್ಣಗಾಗಿತ್ತು.

ಮನಿ ಮುಂದ ಓಣಿ ಇಳಕಲು. ಗಾಡಿ ಮೂತಿ ಕೆಳಗ ಮಾಡಿ ನಿಲ್ತಿತ್ತು. ದಿನಾ ಹೊಯ್ದ ನೀರು ಪುಟ್ಟಿಯಿಂದ ಇಳದು, ಕಾರ್ಪೆಟಿನ ಬುಡಕ ಹರದು, ಮುಂದಿನ ಸೀಟಿನ ಕೆಳಗ ಬಂದು ಕುಂತಿತ್ತು.

ನುಜಹತ ಬೈತಾಳಂತ ಸುನೀಲ ಸ್ಪ್ಯಾನರ್ ಹಿಡ್ಕೊಂಡ ಸರದು ನಿಂತ. ಆಕಿ ಬೈಲಿಲ್ಲ.

"ದಾರಿಗಂತ ಹೊಯ್ತಿದ್ರೆಲ್ಲಾ, ಆ ನೀರು ಎಲ್ಲಿಗೆ ಹೋಗ್ತೈತಿ ಅಂತ ಒಂದಿನರ ವಿಚಾರ ಮಾಡಿದ್ರೇನ್ರಿ?"

"ಅಪ್ಪ ಬಸ್ಸಿನ ಮ್ಯಾಲ ಹೇರ್ತಿದ್ದ" ಅಂದ ಮುಜಾಫರ. "ಅಲ್ಲಿ ರಸ್ತಾಕ್ಕ ಸೋರಿ ಹೋಗ್ತಿತ್ತು." ಗೋಡಿಗೆ ಒರಗಿಸಿದ ಹಸಿ ಕಾರ್ಪೆಟನ್ನ ತಾನ ಹೊತ್ತು ಬಿಸಲಿಗೆ ಹಾಕಿದ. ಸುನೀಲ ಕೆಟ್ಟ ವೈರು ಕತ್ತರಿಸಿ ಹೊಸಾದು ಕೂಡಿಸಿ, ಗಾಡಿ ಕೈಗೆ ಬರೂದ್ರಾಗ ಐತವಾರ ಮಧ್ಯಾಹ್ನ ಆತು.

ಅಷ್ಟರಾಗ ಮುನಾಫನ ಫೋನು. ಮುಜಾಫರ ಅಂಗಳದಾಗ ನಿಂತು, "ಬರಬ್ಯಾಡಪಾ, ಮಾರಾಂಗಿಲ್ಲ. ಗಾಡಿ ಛಲೋ ಐತಿ" ಅಂದ. ಆಮ್ಯಾಲ, "ಹೊಡಿಯಾಕಿನೂ ಛಲೋ ಹೊಡೀತಾಳ" ಅಂದ. ಒಳಗ ರೊಟ್ಟಿ ಬಡಿಯಾಕತ್ತಿದ್ದ ನುಜಹತಗ ಅದು ಕೇಳಿಸ್ತು. ಖುಷಿನೂ ಆತು, ಸಿಟ್ಟೂ ಬಂತು. ನೋಡಲಾರದ ಬೈದಿದ್ದ, ಈಗ ನೋಡಲಾರದ ಹೊಗಳಾಕತ್ತಾನ!

ಸೋಮವಾರ ಮುಂಜಾನೆ ಮುಜಾಫರ ಪುಟ್ಟಿ ಕೆಳಗ ದೊಡ್ಡ ಪ್ಲಾಸ್ಟಿಕ್ ಟಬ್ಬು ಇಟ್ಟ. ಗೋಣಿತಟ್ಟು ಹಿಂಡಿ ಹೊಚ್ಚಿದ. ರೂಢಿ ಎಲ್ಲಿ ಬಿಡ್ತೈತಿ? ಕೈ ತಂಬಿಗಿ ತುಂಬ್ಕೊಂಡಿತ್ತು. ತಂಬಿಗಿ ಹಿಡದು ಒಮ್ಮೆ ಪುಟ್ಟಿ, ಒಮ್ಮೆ ಟಬ್ಬು ನೋಡಿದ. ಕಡೀಗೆ ಆ ನೀರನ್ನ ಮುಂದಿನ ಗಾಲಿ ಮ್ಯಾಲ ಹೊಯ್ದು, ತಂಬಿಗಿ ಕಟ್ಟಿ ಮ್ಯಾಲ ಇಟ್ಟು, ಎಡಗಡೆ ಬಾಗ್ಲ ತಗದು ಒಳಗ ಕುಂತುಬಿಟ್ಟ.

"ಇದೇನ್ರಿ? ಗಾಳಿ ಬ್ಯಾಡೇನು?"

"ಟಬ್ಬು ಅಳ್ಳಾಡ್ತೈತೇನಂತ ನೋಡ್ಕೋತ ಬರ್ತೇನಿ. ನಡಿ."

ಟಬ್ಬು ಹಿಂದಿತ್ತು. ಮುಂದ ಕುಂತು ಅದನ್ನ ಹೆಂಗ ನೋಡ್ತಾನ, ನೀವ ಹೇಳ್ರಿ! ದಾರ್ಯಾಗ ಹತ್ತಿದ ಶ್ರೀವಿದ್ಯಾ ಟೀಚರು ಪುಟ್ಟಿ ಬಾಜೂಕ ಕುಂತು, ಬಾಯಿಗೆ ಸೆರಗ ಹಿಡದು ನಕ್ಕರು.

ಮುಜಾಫರ ಟಬ್ಬನ್ನೂ ನೋಡಲಿಲ್ಲ, ಕಿಟಕಿ ಹೊರಗೂ ನೋಡಲಿಲ್ಲ. ಬಂಕಾಪುರ ಕ್ರಾಸು ದಾಟೂ ತನಕ ಅವನ ಕಣ್ಣು ಆಕಿ ಎಡಗಾಲ ಮ್ಯಾಲನ ಇತ್ತು. ಗೇರ್ ಬದಲಿಸಿದಾಗ ಕ್ಲಚ್ ತುಳದು, ಮತ್ತ ಬಾಜೂಕ ಸರದು ಕಾಲು ನೆಲದ ಮ್ಯಾಲ ಆರಾಮ ಕೂಡ್ತಿತ್ತು. ಒಮ್ಮೆ ಅಲ್ಲ, ಪ್ರತಿ ಸಲಾನೂ.

ಖುಲ್ಲಾ ರಸ್ತಾ ಬಂತು. ಆಕಿ ಗೇರ್ ಏರಿಸಿದ್ಳು.

"ಕಾಲು ಕ್ಲಚ್ಚಿನ ಮ್ಯಾಲ ಇಲ್ಲ" ಅಂದ ಮುಜಾಫರ.

"ಯಾವತ್ತೂ ಇರಲಿಲ್ರಿ" ಅಂದ್ಲು ನುಜಹತ.

ಅಂವ ಚಪ್ಪಲಿ ಕಳದು, ಒಣಗಿದ ಕಾರ್ಪೆಟಿನ ಮ್ಯಾಲ ಬರಿಗಾಲ ಇಟ್ಟು, ಸೀಟಿಗೆ ತಲಿ ಆನಿಸಿದ. ಹಾನಗಲ್ಲ ಬಂದಾಗ ಎಲಿ ಇಳಸಾಕ ಅವನ್ನ ಎಬ್ಬಿಸಬೇಕಾತು.