ತಣ್ಣೀರು ಮೇಷ್ಟ್ರ ಸಿಟ್ಟು

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರಿಗೆ ಬೀದಿಯವರು ಇಟ್ಟಿದ್ದ ಹೆಸರು ತಣ್ಣೀರು. ಕಲಿಯಲು ಬಂದವರು ಕಾರನ್ನು ಕಾಂಪೌಂಡಿಗೆ ಗುದ್ದಿಸಿದರೂ "ಇರಲಿ ಬಿಡಿ, ಕಾರಿಗೂ ಸ್ವಲ್ಪ ಅನುಭವ ಆಯ್ತು" ಎಂದು ನಗುತ್ತಿದ್ದ ಮಹಾರಾಯರು ಅವರು.

ಐವತ್ತು ಹತ್ತಿರ ಬಂತು ನೋಡಿ, ಅದೇನು ಮೈಗೆ ಹೊಕ್ಕಿತೋ ದೇವರೇ ಬಲ್ಲ! ಎದುರುಮನೆಯವರು ಸೀನಿದರೆ ಸಿಟ್ಟು, ಮಿಕ್ಸಿ ತಿರುಗಿದರೆ ಸಿಟ್ಟು. ಯಾರಾದರೂ ಲೋಟವನ್ನು ಮೇಜಿನ ಮೇಲೆ ಸ್ವಲ್ಪ ಜೋರಾಗಿ ಇಟ್ಟರೆ, "ಒಡೆದೇ ಹಾಕಿ, ಒಂದೇ ಸಲಕ್ಕೆ ಮುಗೀಲಿ!" ಬಿ.ಪಿ. ನೋಡಿದ ಡಾಕ್ಟರು ಎಲ್ಲ ಸರಿಯಾಗಿದೆ ಎಂದರೆ ಅವರ ಮೇಲೂ ರೇಗಿದರು: "ಸರಿಯಾಗಿದ್ರೆ ನಾನ್ಯಾಕ್ರೀ ಇಲ್ಲಿಗೆ ಬರ್ತಿದ್ದೆ?" ಕೂತಲ್ಲಿ ಕೂರಲಾರರು, ನಿಂತಲ್ಲಿ ನಿಲ್ಲಲಾರರು. ಕಾರಿನಲ್ಲಂತೂ ಕೇಳಲೇಬೇಡಿ. ಕ್ಲಚ್ಚಿನಿಂದ ಕಾಲು ತೆಗೆಯದ ರಿಟೈರ್ಡ್ ನರ್ಸಮ್ಮನಿಗೆ, "ಅದೇನು ಕಾಲೋ ಕಂಬವೋ?" ಎಂದುಬಿಟ್ಟರು. ಆಕೆ ಅಲ್ಲೇ ಇಳಿದು ಬಸ್ಸು ಹತ್ತಿ ಹೋದರು. ಸಂಜೆ ಕ್ಷಮೆ ಕೇಳೋಣವೆಂದು ಫೋನ್ ಮಾಡಿದ ಮೇಷ್ಟ್ರು, ಆಕೆ ಎತ್ತಲು ತಡಮಾಡಿದ್ದಕ್ಕೆ ಮತ್ತೆ ರೇಗಿ ಕಟ್ ಮಾಡಿದರು.

ತಮ್ಮ ಮೇಲೆ ತಮಗೇ ಹೇಸಿಗೆಯಾಗುತ್ತಿತ್ತು. ಆದರೂ ಒಂದು ಆಸೆಯನ್ನು ಮಾತ್ರ ಜೋಪಾನ ಮಾಡಿಕೊಂಡು ಬಂದಿದ್ದರು. ಮಗಳಿಗೆ ಕಾರು ಓಡಿಸುವುದನ್ನು ತಾವೇ ಕಲಿಸಬೇಕು. ಅವಳಿಗೆ ಹದಿನೆಂಟು ತುಂಬುವುದನ್ನೇ ಕಾದಿದ್ದರು. ತುಂಬಿ ವರ್ಷವಾಗುತ್ತ ಬಂದರೂ ಅವಳು "ಪರೀಕ್ಷೆ ಮುಗೀಲಿ ಅಪ್ಪ", "ಇವತ್ತು ತಲೆನೋವು ಅಪ್ಪ" ಎಂದು ನುಣುಚಿಕೊಳ್ಳುತ್ತಲೇ ಇದ್ದಳು. ಹೆಂಡತಿಯನ್ನು ಕೇಳಿದರೆ "ಅವಳಿಗೆ ಮನಸ್ಸು ಬಂದಾಗ ಕಲೀತಾಳೆ ಬಿಡಿ" ಎಂದು ಮುಖ ನೋಡದೆ ಬಟ್ಟೆ ಮಡಿಸುತ್ತಿದ್ದಳು.

ಒಂದು ಬೆಳಿಗ್ಗೆ, ಶಿಷ್ಯರ ಲೈಸೆನ್ಸ್ ಪರೀಕ್ಷೆಗೆ ತಾರೀಕು ಕೇಳಲೆಂದು ಮೇಷ್ಟ್ರು ಪರೀಕ್ಷೆಯ ಮೈದಾನಕ್ಕೆ ಹೋದರು. ಬೇರೊಂದು ಸ್ಕೂಲಿನ ಕೆಂಪು ಕಾರು ಕಂಬಗಳ ನಡುವೆ ಹಿಂದಕ್ಕೆ ಹೋಗುತ್ತಿತ್ತು. ಅಬ್ಬಾ, ಅದೇನು ನಾಜೂಕು! ಎಲ್ಲೂ ತಡವರಿಕೆಯಿಲ್ಲ. ಯಾರಪ್ಪಾ ಈ ಪುಣ್ಯಾತ್ಗಿತ್ತಿ ಎಂದು ನೋಡಿದರೆ ಸ್ಟಿಯರಿಂಗ್ ಹಿಡಿದಿದ್ದವಳು ಅವರ ಮಗಳು! ಪಕ್ಕದಲ್ಲಿ ಇನ್ಸ್‌ಪೆಕ್ಟರು. ಬೇಲಿಯ ಬಳಿ ನೀರಿನ ಬಾಟಲಿ ಹಿಡಿದು ನಿಂತಿದ್ದಳು ಹೆಂಡತಿ.

ಮೇಷ್ಟ್ರಿಗೆ ಸಿಟ್ಟು ನೆತ್ತಿಗೇರಿತು. ನನ್ನ ಮಗಳಿಗೆ ಇನ್ಯಾರೋ ಕಲಿಸುವುದೇ? ಅದೂ ನನ್ನಿಂದ ಮುಚ್ಚಿಟ್ಟು! ಆದರೆ ಕಾರು ಕೊನೆಯ ತಿರುವನ್ನು ತೆಗೆದುಕೊಂಡ ರೀತಿ ಕಂಡು ಸಿಟ್ಟೆಲ್ಲ ಎತ್ತಲೋ ಹೋಯಿತು. ಹೆಮ್ಮೆಯಿಂದ ಎದೆ ತುಂಬಿ ಬಂತು. ಶಭಾಷ್ ಎನ್ನಲು ಕೈಯೆತ್ತಿ ಬೇಲಿಯತ್ತ ಓಡಿದರು.

ಮಗಳು ಕನ್ನಡಿಯಲ್ಲಿ ಅಪ್ಪನನ್ನು ಕಂಡಳು. ಕಾರು ಗಕ್ಕನೆ ಮುಗ್ಗರಿಸಿ, ಕಂಬವೊಂದನ್ನು ಉರುಳಿಸಿ ನಿಂತುಬಿಟ್ಟಿತು. ಇನ್ಸ್‌ಪೆಕ್ಟರು ಆಗಲಿಲ್ಲ ಎಂಬಂತೆ ತಲೆಯಾಡಿಸಿದರು.

"ಏನಂದ್ರಿ ಅವಳಿಗೆ?" ಹೆಂಡತಿ ಚೀರಿದಳು.

"ಏನೂ ಅನ್ಲಿಲ್ವೇ! ನಿನ್ನಾಣೆ, ಶಭಾಷ್ ಅನ್ನೋಕೆ ಬಂದೆ."

ಮಗಳು ಇಳಿದು ಬಂದಳು. "ನೀನೇನೂ ಅನ್ಲಿಲ್ಲ ಅಪ್ಪ, ಗೊತ್ತು. ನಿನ್ನ ನೋಡಿದ್ದೇ ತಡ, ಕಾಲು ಮರಗಟ್ಟಿಹೋಯ್ತು. ನಾನೇನ್ ಮಾಡ್ಲಿ?"

ಅವಳು ಬೈದಿದ್ದರೆ ಮೇಷ್ಟ್ರು ತಿರುಗಿಸಿ ಬೈದಿರುತ್ತಿದ್ದರು. ಈ ಮಾತಿಗೆ, ಶಭಾಷ್ ಎನ್ನಲು ಎತ್ತಿದ್ದ ಕೈಯನ್ನು ಮೆಲ್ಲಗೆ ಇಳಿಸಿದರು.

"ಉಳಿದವರದು ಮುಗೀಲಿ, ಇನ್ನೊಂದು ಸಲ ನೋಡೋಣ ಕಣಮ್ಮ," ಎಂದರು ಇನ್ಸ್‌ಪೆಕ್ಟರು. ಮಗಳು ಅಪ್ಪನ ಮುಖ ನೋಡಿದಳು. ಅರ್ಧ ಕ್ಲಚ್ಚು, ಎಡಗನ್ನಡಿ, ಹೇಳಲು ನೂರಿತ್ತು. ಮೇಷ್ಟ್ರು ಅಷ್ಟನ್ನೂ ನುಂಗಿಕೊಂಡು ಹೆಂಡತಿಯನ್ನು ಪಕ್ಕಕ್ಕೆ ಕರೆದರು.

"ನಾನು ಹೋಗ್ತೀನಿ. ಅವಳ ಸರದಿ ಬಂದಾಗ ಹೇಳು. ಎಲ್ಲೂ ಮರೇಲಿ ನಿಂತಿಲ್ಲ, ನಿಜವಾಗ್ಲೂ ಹೊರಟುಹೋದ್ರು ಅಂತ ಹೇಳು."

"ಹೇಳ್ತೀನಿ," ಎಂದಳು ಹೆಂಡತಿ. "ನೀವು ಬೇಗ ಹೋಗಿ."

ಅವರು ಹೋದರು.