ಎಳ್ಳಮಾವಾಸ್ಯೆಯ ಲಾಟೀನು

ನಮ್ಮ ಅಣ್ಣನ ಕಾಲು ಮುರಿದದ್ದು ಅಮಾವಾಸ್ಯೆಯ ದೆಸೆಯಿಂದ ಅಲ್ಲ. ಈ ಒಂದು ಮಾತನ್ನು ನಾನು ಹೇಳಬೇಕಾಗಿತ್ತು. ಮಧುಗಿರಿಯ ನಮ್ಮ ಬೀದಿಯಲ್ಲಿ ಹೇಳಬೇಕಾಗಿತ್ತು, ಮದುವೆಯಾಗಿ ಬಂದ ಹೊಳವನಹಳ್ಳಿಯಲ್ಲಿ ಹೇಳಬೇಕಾಗಿತ್ತು, ಎಲ್ಲಕ್ಕಿಂತ ಮೊದಲು ಅಣ್ಣನ ಮುಂದೆಯೇ ಹೇಳಬೇಕಾಗಿತ್ತು. ಹೇಳಲಿಲ್ಲ. ಇವತ್ತು ನಾಳೆ ಎನ್ನುತ್ತ ತಲೆ ನೆರೆಯುವವರೆಗೂ ಹೇಳಲಿಲ್ಲ. ನಾನು ಕನ್ನಡ ಮೂರನೆಯ ಕ್ಲಾಸಿಗೆ ಸ್ಕೂಲು ಬಿಟ್ಟವಳು. ನಾಲ್ಕು ಸಾಲು ಬರೆಯುವಷ್ಟರಲ್ಲಿ ಬೆರಳು ಸೋಲುತ್ತವೆ, ಕಣ್ಣು ಸೋಲುತ್ತವೆ. ಆದರೂ ನಾನು ಬರೆದಿಡದೆ ಹೋದರೆ ಅಮಾವಾಸ್ಯೆ ದಿನ ಬೆಟ್ಟ ಹತ್ತಿ ಕಾಲು ಮುರಿದುಕೊಂಡವನು ಎನ್ನುವುದೊಂದೇ ಅವನ ಹಿಂದೆ ಉಳಿಯುತ್ತದೆ.

ಅವನ ಹೆಸರು ಸಿದ್ದಲಿಂಗಪ್ಪ. ಊರಿಗೆಲ್ಲ ಸಿದ್ದಣ್ಣ, ನನಗೆ ಅಣ್ಣಯ್ಯ. ಅಪ್ಪ ಬೇಗ ತೀರಿಕೊಂಡಿದ್ದರಿಂದ ಮೀಸೆ ಮೂಡುವ ಮೊದಲೇ ಕಂಬಳಿ ಅಂಗಡಿಯಲ್ಲಿ ಕೂತವನು. ಸದಾ ಗದ್ದ ಮೇಲೆತ್ತಿಕೊಂಡೇ ಇರುತ್ತಿದ್ದ. ಗಿರಾಕಿ ಕಂಬಳಿ ಬಿಚ್ಚಿ ನೂಲು ನೋಡುತ್ತಿದ್ದರೆ ಇವನ ಕಣ್ಣು ಸೂರಿನ ಆಚೆಗೆ.

"ಸಿದ್ದಣ್ಣ, ಕಂಬಳಿ ಇಲ್ಲೈತೆ ಕಣಪ್ಪ, ಮ್ಯಾಲಿಲ್ಲ" ಎಂದು ರೈತರು ರೇಗಿಸುತ್ತಿದ್ದರು.

"ಮ್ಯಾಲೂ ಒಂದೈತೆ ಕಣ್ಲಾ. ಹುಟ್ಟಿದಾಗಿಂದ ಹೊದ್ಕಂಡಿದ್ದೀಯ, ಒಂದಪ ಬಿಚ್ಚಿ ನೋಡಿಲ್ಲ ಅಷ್ಟೇ" ಎನ್ನುತ್ತಿದ್ದ.

ಕಂಬಳಿ ಕೊಳ್ಳಲು ಶಿರಾಕ್ಕೆ ಹೋಗಿ ಬರುವ ದಾರಿಯಲ್ಲಿ ಅವನು ಯಾರೋ ಸರ್ವೆ ಅಧಿಕಾರಿ ಬಿಟ್ಟುಹೋಗಿದ್ದ ಹಿತ್ತಾಳೆ ದುರ್ಬೀನನ್ನು ಹಳೆಯ ಸಾಮಾನಿನ ಅಂಗಡಿಯಿಂದ ತಂದ. ಕೊಳವೆ ಒಂದು ಕಡೆ ನೆಗ್ಗಿತ್ತು. ಅದನ್ನು ಸರಿಮಾಡಿಕೊಟ್ಟವರು ಶಿರಾದಿಂದ ಬಂದು ನಮ್ಮ ಬೀದಿಯಲ್ಲಿ ನೆಲೆಸಿದ್ದ ಖಾದರ್ ಸಾಬರು. ಪಾತ್ರೆಗೆ ಕಲಾಯಿ ಹಾಕುವುದು, ತಗಡಿನ ಲಾಟೀನು ಮಾಡುವುದು ಅವರ ಕಸುಬು. ಅವರಿಗೂ ಅಣ್ಣನಿಗೂ ಎಂಥ ಸ್ನೇಹ ಎಂದರೆ, ರಂಜಾನಿನ ಚಂದ್ರ ನೋಡಲು ಸಾಬರ ಮನೆಯವರೆಲ್ಲ ಅಣ್ಣನ ಜೊತೆಯೇ ಬೆಟ್ಟದ ಬುಡಕ್ಕೆ ಬರುತ್ತಿದ್ದರು. ಒಂದು ವರ್ಷ ಅಣ್ಣ ದುರ್ಬೀನಿನಲ್ಲಿ ಮೊದಲೇ ಹಿಡಿದುಬಿಟ್ಟು, "ಬಂದ ಬಂದ, ಕೂದ್ಲು ಎಳೆ ಹಂಗವ್ನೆ!" ಎಂದು ಕುಣಿದ. ಸಾಬರು ಒಂದು ಕಣ್ಣು ಮುಚ್ಚಿ ನೋಡಿದರು. "ಅರೆ ಭಾಯಿ, ನಿನ್ ಚಂದ್ರ ಬಂದ. ನಮ್ ಚಂದ್ರ ಬರೀ ಕಣ್ಗೆ ಕಾಣ್ಬೇಕು. ತಡಿ" ಎಂದು ದುರ್ಬೀನು ಪಕ್ಕಕ್ಕಿಟ್ಟು ಕಾದರು. ಅಣ್ಣನೂ ಅವರ ಪಕ್ಕ ಕೂತು ಕಾದ. ಚಂದ್ರ ಬರಿಗಣ್ಣಿಗೆ ಕಂಡಾಗ ಸಾಬರಿಗಿಂತ ಜೋರಾಗಿ ಕೂಗಿದವನು ಅವನೇ.

ಆದರೆ ಅವನ ದೊಡ್ಡ ಹುಚ್ಚು ಅಮಾವಾಸ್ಯೆಯದು. ತಿಂಗಳ ಬೆಳಕು ಇರಬಾರದು, ಮೋಡ ಇರಬಾರದು. ಮಾಗಿಯ ಅಮಾವಾಸ್ಯೆಗಳಲ್ಲಿ ಅವನು ಬೀದಿಯ ಜನರನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತಿದ್ದ. ನಮ್ಮ ಮನೆ ಬೆಟ್ಟದ ಬುಡದಲ್ಲೇ. ಹಿತ್ತಲು ದಾಟಿದರೆ ಕೋಟೆಯ ಮೆಟ್ಟಿಲು. ಪೂರ್ತಿ ಮೇಲಕ್ಕೇನೂ ಹೋಗುತ್ತಿರಲಿಲ್ಲ, ಆ ಬಂಡೆಯನ್ನು ಹಗಲಲ್ಲಿ ಹತ್ತುವುದೇ ಕಷ್ಟ. ಮೊದಲ ಬುರುಜಿನ ಹತ್ತಿರ ಒಂದು ಹಾಸುಬಂಡೆ ಇದೆ, ಅಲ್ಲಿಯವರೆಗೆ. ಹೊತ್ತು ಮುಳುಗುವ ಮುಂಚೆ ಹತ್ತಿ, ಕತ್ತಲಾಗುವುದನ್ನು ಅಲ್ಲೇ ಕೂತು ನೋಡಬೇಕು. ದೀಪ ಒಯ್ಯುವ ಹಾಗಿಲ್ಲ. ಬೀಡಿ ಹಚ್ಚಿದವನಿಗೆ ಬೈಗುಳ. "ಕಣ್ಗೆ ಕತ್ಲು ಅಭ್ಯಾಸ ಆಗ್ಬೇಕು ಕಣ್ರಯ್ಯ. ಒಂದು ಕಿಡಿ ನೋಡಿದ್ರೂ ಮತ್ತೆ ಮೊದ್ಲಿಂದ." ಎಲ್ಲರೂ ಕಂಬಳಿ ಕೊಪ್ಪೆ ಹಾಕಿಕೊಂಡು ಕುರಿಹಿಂಡಿನ ಹಾಗೆ ಕೂತಿರುತ್ತಿದ್ದರು. ಒಬ್ಬೊಬ್ಬರನ್ನೇ ಕರೆದು ದುರ್ಬೀನಿಗೆ ಕಣ್ಣು ಹಚ್ಚಿಸುತ್ತಿದ್ದ.

"ವರ್ಷಾ ವರ್ಷಾ ಆರಿದ್ರ ಮಳೆ ಬಂತಾ, ಆರಿದ್ರ ಮಳೆ ಬಂತಾ ಅಂತ ಬಡ್ಕಂತೀರಿ. ಆರಿದ್ರ ಯಾವನು ಅಂತ ಒಬ್ರಾದ್ರೂ ಮಖ ನೋಡಿದ್ದೀರಾ? ಅಗೋ, ಕೆಂಪ್ಗವ್ನಲ್ಲ, ಅವ್ನೇ."

"ಮಳೆಗಾಲದಾಗೆ ಯಾಕಣ್ಣ ಕಾಣಾಕಿಲ್ಲ?"

"ಅವಾಗ ಅವ್ನು ಸೂರ್ಯನ ಜೊತೆ ಹಗಲೊತ್ನಾಗೆ ತಿರುಗ್ತಾನೆ. ಕೆಲ್ಸ ಮಾಡೋವಾಗ ಕಾಣಾಕಿಲ್ಲ, ಇಂಗೆ ಬಿಡುವಾದಾಗ ಬಂದು ಮಖ ತೋರುಸ್ತಾನೆ."

ಒಂದು ಸಲ ನಮ್ಮ ಅವ್ವನನ್ನೂ ಬಲವಂತ ಮಾಡಿ ಹತ್ತಿಸಿದ. ಆವತ್ತು ಶನಿ ಕಾಣುತ್ತಿತ್ತು. ಶನಿ ಎಂದ ಕೂಡಲೇ ಬಂದಿದ್ದವರಲ್ಲಿ ಅರ್ಧ ಜನ ಕಂಬಳಿಯೊಳಗೆ ಮುಖ ಮುಚ್ಚಿಕೊಂಡರು. ಅವ್ವ ಮಾತ್ರ ಕೈಮುಗಿದುಕೊಂಡೇ ಕಣ್ಣು ಹಚ್ಚಿದಳು. ತುಂಬ ಹೊತ್ತು ಏಳಲಿಲ್ಲ. ಆಮೇಲೆ, "ಅಯ್ಯೋ ಸಿದ್ದ, ಬಳೆ ತೊಟ್ಕಂಡವ್ನೆ ಕಣೋ! ಇಷ್ಟು ಚಿಕ್ಕೋನಾ? ಇವ್ನಿಗಾ ನಾನು ಶನಿವಾರ ಶನಿವಾರ ಅಷ್ಟೊಂದು ಎಳ್ಳೆಣ್ಣೆ ಸುಟ್ಟಿದ್ದು?" ಎಂದಳು. ಬಂಡೆಯೇ ನಕ್ಕ ಹಾಗೆ ನಗು ಎದ್ದಿತು. ಮುಖ ಮುಚ್ಚಿಕೊಂಡಿದ್ದವರೆಲ್ಲ ಸಾಲಾಗಿ ಬಂದು ಶನಿಯ ಬಳೆ ನೋಡಿದರು.

ಇದರಲ್ಲಿ ನನ್ನ ಪಾಲಿಗೆ ಒಂದೇ ಕೆಲಸ. ಇಳಿಯುವ ದಾರಿಯಲ್ಲಿ, ಹಿತ್ತಲಿನಿಂದ ಕೂಗಳತೆಯಲ್ಲಿ, ಮಳೆನೀರು ಕೊರೆದು ಒಂದು ಮೆಟ್ಟಿಲು ಹೋಗಿತ್ತು. ಹಗಲಲ್ಲಿ ಮಕ್ಕಳೂ ದಾಟುತ್ತಿದ್ದರು, ಕತ್ತಲಲ್ಲಿ ಗೊತ್ತಾಗದು. ಮೇಲಿನಿಂದ "ಗೌರವ್ವಾ, ಲಾಟೀನು!" ಎಂದು ಅಣ್ಣ ಕೂಗಿದರೆ ನಾನು ಲಾಟೀನಿಗೆ ಕೆಂಪು ಬಟ್ಟೆ ಸುತ್ತಿಕೊಂಡು ಹೋಗಿ ಆ ಜಾಗದಲ್ಲಿ ನಿಲ್ಲಬೇಕು. ಬಿಳಿ ಬೆಳಕು ಕಣ್ಣಿಗೆ ಹೊಡೆಯುತ್ತದೆ ಎಂದು ನನ್ನ ಹಳೆಯ ರವಿಕೆಯನ್ನು ಹರಿದು ಅವನೇ ಆ ಬಟ್ಟೆ ಮಾಡಿಕೊಟ್ಟಿದ್ದ. ಲಾಟೀನು ಖಾದರ್ ಸಾಬರ ಕೈಯದು.

ಅಣ್ಣನ ಕಾಲು ಮುರಿದ ವರ್ಷ ನನಗೆ ಹೊಳವನಹಳ್ಳಿಯಿಂದ ಗಂಡು ಬಂತು. ಹುಡುಗನ ದೊಡ್ಡಪ್ಪ ಎಲೆಯಡಿಕೆ ಹಾಕಿಕೊಳ್ಳುತ್ತ ಗೋಡೆಗೆ ಒರಗಿಸಿದ್ದ ದುರ್ಬೀನನ್ನೇ ನೋಡುತ್ತಿದ್ದರು. "ಅಮಾಸೆ ದಿನ ಬೆಟ್ಟಕ್ಕೋಗೋರು ನೀವೇ ಏನಪ್ಪ?" ಎಂದು ಅಣ್ಣನನ್ನು ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಹುಡುಗೀನೂ ಹೋಯ್ತದಾ?" ಎಂದರು. ಅವ್ವ, "ಇಲ್ಲ ಬುಡಿ ಸೋಮಿ, ಹೆಣ್ಮಗು ಹೆಂಗೆ ಹೋಯ್ತದೆ" ಎಂದಳು. ಅವರು ಹೂಂ ಎನ್ನಲೂ ಇಲ್ಲ, ಉಹೂಂ ಎನ್ನಲೂ ಇಲ್ಲ. ಹೇಳಿ ಕಳಿಸುತ್ತೇವೆ ಎಂದು ಎದ್ದರು.

ಅವರ ಮಾತು ಬರುವ ಮೊದಲೇ ಎಳ್ಳಮಾವಾಸ್ಯೆ ಬಂತು. ಅಮಾವಾಸ್ಯೆಗಳಲ್ಲೇ ಜನ ಹೆಚ್ಚು ಅಂಜುವ ದಿನ. ಅವ್ವ ಚಿಕ್ಕಮ್ಮನ ಬಾಣಂತನಕ್ಕೆಂದು ಕೊರಟಗೆರೆಗೆ ಹೋಗಿದ್ದಳು. ಅಣ್ಣ ನಾಲ್ಕೈದು ಜನರನ್ನು ಕರೆದುಕೊಂಡು ಹತ್ತಿದ. ಹೋಗುವಾಗ ಹಿತ್ತಲ ಬಾಗಿಲಲ್ಲಿ ನಿಂತು, "ಎಣ್ಣೆ ಹಾಕಿಟ್ಟಿದ್ದೀನಿ ಕಣವ್ವ. ಚಳಿ ಐತೆ, ಕಂಬ್ಳಿ ಹೊದ್ಕಂಡು ಬಾ" ಎಂದ.

ನಾನು ಲಾಟೀನು ಹಚ್ಚಿದೆ. ಕೆಂಪು ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಆಚೆ ಹೋದರೆ ಪಕ್ಕದ ಮನೆಯವರು ನೋಡುತ್ತಾರೆ, ಅವರ ನಂಟರು ಹೊಳವನಹಳ್ಳಿಯಲ್ಲಿದ್ದಾರೆ, ಎಳ್ಳಮಾವಾಸ್ಯೆಯ ಕತ್ತಲಲ್ಲಿ ಹುಡುಗಿ ದೀಪ ಹಿಡಿದು ಬೆಟ್ಟದ ಮೇಲೆ ನಿಂತಿದ್ದಳು ಎಂದರೆ ಮುಗಿಯಿತು. ಹೀಗೇ ಯೋಚನೆ. "ಗೌರವ್ವಾ, ಲಾಟೀನು!" ಎಂಬ ಕೂಗು ಕೇಳಿಸಿತು. ಏಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೂಗಿದ. ಈ ಸಲ ಧ್ವನಿ ಹತ್ತಿರವಿತ್ತು. ದಾರಿ ಅವನಿಗೆ ಗೊತ್ತಿಲ್ಲದ್ದೇ, ಇವತ್ತು ಒಂದು ದಿನ ನಾನಿಲ್ಲದೆ ಇಳಿಯಲಿ ಎಂದುಕೊಂಡೆ. ಲಾಟೀನಿನ ಬತ್ತಿಯನ್ನು ಕೈಯಾರೆ ತಗ್ಗಿಸಿ ಆರಿಸಿದೆ.

ಜೊತೆಯವರನ್ನು ಹಿಂದೆ ನಿಲ್ಲಿಸಿ, ಹೋದ ಮೆಟ್ಟಿಲು ಎಲ್ಲಿದೆ ಎಂದು ಕಾಲಿನಿಂದ ತಡವುತ್ತ ಅವನೇ ಮುಂದೆ ಬಂದನಂತೆ. ಬಿದ್ದದ್ದು ಅವನೊಬ್ಬನೇ.

ಕಂಬಳಿಯಲ್ಲಿ ಮಲಗಿಸಿ ಹೊತ್ತು ತಂದರು. ಸದ್ದು ಕೇಳಿ ಓಡಿ ಬಂದ ಖಾದರ್ ಸಾಬರು ನಡುಮನೆಯಲ್ಲಿ ದೀಪ ಹಚ್ಚುತ್ತ, "ಲಾಟೀನು ಎಲ್ಲಿ? ಹುಡುಗಿ ಬರ್ಲಿಲ್ವಾ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲು ಅಣ್ಣ ಹಲ್ಲು ಕಚ್ಚಿಕೊಂಡು, "ಬಂದಿದ್ಲು ಸಾಬ್ರೆ. ಗಾಳಿ. ಆರೋಯ್ತು" ಎಂದ. ನಾನು ತಲೆ ಆಡಿಸಿದೆ. ಸಾಬರು ಮೂಲೆಯಲ್ಲಿದ್ದ ಲಾಟೀನನ್ನು ನೋಡಿದರು, ಅದರ ಗಾಜಿನ ಬುರುಡೆ ನೋಡಿದರು, ನನ್ನನ್ನು ನೋಡಿದರು. ಯಾವ ಗಾಳಿಗೂ ಆರದ ಹಾಗೆ ಅದನ್ನು ಮಾಡಿದ್ದವರು ಅವರೇ. ಆಮೇಲೆ ನೀರು ಕಾಯಿಸಲು ಹೇಳಿದರು.

ಪಾವಗಡದ ಕಡೆಯಿಂದ ಮೂಳೆ ಕಟ್ಟುವ ಮುದುಕನೊಬ್ಬ ಬಂದ. ಬಿದಿರಿನ ದಬ್ಬೆ ಇಟ್ಟು ಪಟ್ಟಿ ಬಿಗಿಯುತ್ತ, "ಅಮಾವಾಸ್ಯ ನಾಡು ಕೊಂಡ ಎಕ್ಕುತಾರಾ ಸಾಮಿ?" ಎಂದ. ಅಮಾವಾಸ್ಯೆ ದಿನ ಬೆಟ್ಟ ಹತ್ತುತ್ತಾರಾ ಎಂದು ಊರೂ ಅದನ್ನೇ ಕೇಳಿತು. ತೊಡೆಯ ಮೂಳೆ ಕೂಡಿಕೊಂಡಿತು, ಆದರೆ ಕಾಲು ಗಿಡ್ಡವಾಯಿತು. ಅಣ್ಣ ಮತ್ತೆ ಬೆಟ್ಟ ಹತ್ತಲಿಲ್ಲ. ಅವನು ಹತ್ತದಿದ್ದರೆ ಹೋಗಲಿ, ಬೇರೆ ಯಾರೂ ಹತ್ತಲಿಲ್ಲ. ದುರ್ಬೀನು ಕೊಟ್ಟು ಕಳಿಸುತ್ತೇನೆ, ನೀವೇ ಹೋಗಿ ನೋಡಿ ಎಂದು ಅವನು ಕರೆದವರಿಗೆಲ್ಲ ಹೇಳಿ ನೋಡಿದ. "ಬ್ಯಾಡ ಸಿದ್ದಣ್ಣ, ಒಂದಪ ಆಗಿದ್ದು ಸಾಕು" ಎಂದರು. ಶನಿಯ ಬಳೆ ನೋಡಿ ನಕ್ಕವರೇ ಮತ್ತೆ ಎಳ್ಳೆಣ್ಣೆ ಹಿಡಿದುಕೊಂಡು ಹೊರಟರು. ಅಮಾವಾಸ್ಯೆಯ ತಪ್ಪಲ್ಲ, ನಾನು ದೀಪ ತರಲಿಲ್ಲ ಎಂದು ನಾನು ಒಂದು ಮಾತು ಹೇಳಿದ್ದರೆ ಅವರಲ್ಲಿ ಕೆಲವರಾದರೂ ಹತ್ತುತ್ತಿದ್ದರು. ಅವನ ಕಾಲು ಹೋದದ್ದಕ್ಕಿಂತ ಇದು ಅವನನ್ನು ಹೆಚ್ಚು ಮುರಿಯಿತು. ನನಗೆ ಗೊತ್ತಿತ್ತು.

ಮದುವೆ ಆಯಿತು. ಹೊಳವನಹಳ್ಳಿಯ ಮನೆಯಲ್ಲಿ ಮಕ್ಕಳು ಕತ್ತಲಲ್ಲಿ ಆಚೆ ಹೊರಟರೆ ನಮ್ಮತ್ತೆ, "ಲೇ, ಬನ್ರೋ ಒಳೀಕೆ. ನಿಮ್ಮ ಸೋದರಮಾವ ಅಮಾಸೇಲಿ ಬೆಟ್ಟ ಹತ್ತಿ ಏನಾದ ಗೊತ್ತಲ್ಲ?" ಎಂದು ಹೆದರಿಸುತ್ತಿದ್ದರು. ನಾನು ರಾಗಿ ಬೀಸುತ್ತಿರುತ್ತಿದ್ದೆ. ಕಲ್ಲಿನ ಸದ್ದಿನಲ್ಲಿ ಕೇಳಿಸದವಳ ಹಾಗೆ ಇದ್ದುಬಿಡುತ್ತಿದ್ದೆ. ಇಷ್ಟು ವರ್ಷ ಬೀಸಿದೆ, ಹೆತ್ತೆ, ಸಾಕಿದೆ; ಯಾವುದೂ ನನ್ನನ್ನು ಈ ಹೇಳದ ಮಾತಿನಷ್ಟು ದಣಿಸಲಿಲ್ಲ.

ಅಣ್ಣ ಸುಮ್ಮನೆ ಕೂರುವವನಲ್ಲ. ಅಂಗಡಿಯಲ್ಲಿ ಹುಳ ತಿಂದ ಕಂಬಳಿಯೊಂದನ್ನು ಬಿಸಿಲಿಗೆ ಹಿಡಿದಾಗ ತೂತುಗಳು ಮಿನುಗಿದ್ದು ಕಂಡನಂತೆ. ದೊಡ್ಡದೊಂದು ಕರಿಕಂಬಳಿ ತೆಗೆದುಕೊಂಡು ದಬ್ಬಳ ಕಾಯಿಸಿ ಚುಚ್ಚುತ್ತ ಕೂತ. ಉಣ್ಣೆ ಸುಟ್ಟ ನಾತ ಬೀದಿಗೆಲ್ಲ. ಅಂಗಡಿಯ ಹಿಂದೆ ಸೂರು ಬಿದ್ದ ಒಂದು ಕೋಣೆಯಿತ್ತು. ಅದರ ಮೇಲೆ ಆ ಕಂಬಳಿಯನ್ನು ಬಿಗಿದು ಕಟ್ಟಿಸಿದ. ನಡುಹಗಲಲ್ಲಿ ಒಳಗೆ ಮಲಗಿ ಮೇಲೆ ನೋಡಿದರೆ ಮಾಗಿಯ ಆಕಾಶ ಇದ್ದ ಹಾಗೇ ಇರುತ್ತಿತ್ತು. "ಹಗಲಲ್ಲಿ ನೋಡಾಕೇನು ಭಯ? ಬರ್ರಿ" ಎಂದು ಮಧ್ಯಾಹ್ನ ಸ್ಕೂಲಿನಿಂದ ಬರುವ ಮಕ್ಕಳನ್ನು ಕರೆಯುತ್ತಿದ್ದ. ಅವು ಸಾಲಾಗಿ ಮಲಗುತ್ತಿದ್ದವು, ಮೈಮೇಲೆಲ್ಲ ಬಿಸಿಲಿನ ಚುಕ್ಕಿ. ಊರಿಗೆ ಹೋದಾಗಲೆಲ್ಲ ನನ್ನನ್ನೂ ಕರೆಯುತ್ತಿದ್ದ. ಒಲೆಯ ಮೇಲೆ ಹಾಲಿದೆ, ಮಗು ಅಳುತ್ತಿದೆ ಎಂದು ತಪ್ಪಿಸಿಕೊಳ್ಳುತ್ತಿದ್ದೆ.

ಈ ಮಾಗಿಯಲ್ಲಿ ಅಣ್ಣ ಹೋದ. ಖಾದರ್ ಸಾಬರ ಮಗ ಬಂದು ಸುದ್ದಿ ಮುಟ್ಟಿಸಿದ. ನಾನು ತಲುಪುವಷ್ಟರಲ್ಲಿ ಮಣ್ಣಾಗಿತ್ತು. ಅಂಗಡಿಯ ಬಾಗಿಲು ಹಾಕಿತ್ತು, ಮನೆಯಲ್ಲಿ ಗೋಡೆಗೆ ಒರಗಿದ ದುರ್ಬೀನಿನ ಮೇಲೆ ಅವನ ಟವಲ್ಲು ಹಾಗೇ ಇತ್ತು.

ಆದರೆ ಅದಕ್ಕೆ ಸ್ವಲ್ಪ ಮುಂಚೆ, ಕೆಮ್ಮು ಜಾಸ್ತಿಯಾಗಿದೆ ಎಂದು ಕೇಳಿ ನೋಡಲು ಹೋಗಿದ್ದೆ. ಎಲುಬೇ ಆಗಿದ್ದ. ಆದರೂ ಮಕ್ಕಳನ್ನು ಸೇರಿಸಿಕೊಂಡು ಆ ಕೋಣೆಯಲ್ಲೇ ಮಲಗಿದ್ದ. "ಬಾ ಗೌರವ್ವ, ಇವತ್ತು ಒಲೆ ಮ್ಯಾಲೆ ಏನೂ ಇಲ್ಲ" ಎಂದ. ಅವನಿಗೆ ಎಲ್ಲ ನೆನಪಿತ್ತು. ನೆಪ ಹುಡುಕುವ ಶಕ್ತಿ ನನಗೂ ಇರಲಿಲ್ಲ. ಅವನ ಪಕ್ಕ ಮಲಗಿದೆ.

ನೆತ್ತಿಯಲ್ಲಿ ಕೃತ್ತಿಕೆಯ ಗೊಂಚಲು ಕಂಡಿತು. ಮೂರು ಚುಕ್ಕಿಯ ಸಾಲು ಕಂಡಿತು. ಕೆಳಗೆ, ಕಂಬಳಿಯ ಅಂಚಿನ ಹತ್ತಿರ, ಯಾವ ಚುಕ್ಕಿಯ ಜೊತೆಗೂ ಸೇರದ ಒಂದು ತೂತು ಇತ್ತು. ಉಳಿದವಕ್ಕಿಂತ ದೊಡ್ಡದು, ಕೆಂಪಗಿತ್ತು. ಒಬ್ಬ ಹುಡುಗ ಕೈ ತೋರಿಸಿ, "ತಾತ, ಆರಿದ್ರ ಅಂದ್ರೆ ಅದೇನಾ?" ಎಂದ.

"ಅಲ್ಲ ಕಣ್ಲಾ. ಆರಿದ್ರ ಮ್ಯಾಲವ್ನೆ ನೋಡು. ಅದು ಚುಕ್ಕಿ ಅಲ್ಲ. ಅದು ನಮ್ಮ ಗೌರವ್ವನ ಲಾಟೀನು. ಅಮಾಸೆ ಅಮಾಸೆಗೂ ನಾವು ಇಳಿಯೋ ಹೊತ್ಗೆ ಅಲ್ಲೇ ಕಾಣ್ತಿತ್ತು. ಅದನ್ನ ನೋಡ್ಕಂಡೇ ಇಳೀತಿದ್ದೋ."

ತೂತಿನ ಹಿಂದೆ ಬಟ್ಟೆಯ ತುಂಡೊಂದನ್ನು ಹೊಲಿದಿದ್ದ. ನನ್ನ ರವಿಕೆಯ ಕೆಂಪು. ಇಷ್ಟು ವರ್ಷ ಅದನ್ನು ಎಲ್ಲಿಟ್ಟುಕೊಂಡಿದ್ದನೋ.

"ಒಂದಿನ ಗಾಳಿ ಬಂದು ಆರೋಯ್ತಂತಲ್ಲ ತಾತ? ಅಮಾಸೆ ಗಾಳಿ?" ಎಂದ ಹುಡುಗ.

ಅಣ್ಣ ಆ ಕೆಂಪು ತೂತನ್ನೇ ನೋಡುತ್ತ ಮಲಗಿದ್ದ. ಕೆಮ್ಮಿದ. ನನ್ನ ಕಡೆ ತಿರುಗಲೂ ಇಲ್ಲ. ಆ ಚುಕ್ಕಿಯ ಕತ್ತಲಲ್ಲಿ ಮಕ್ಕಳೆಲ್ಲ ಕಾಯುತ್ತಿದ್ದವು. ನಾನು ಎದ್ದು ಕೂತು ಅವನ ಕೈ ಹಿಡಿದುಕೊಂಡೆ. ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದೆ:

"ಆವತ್ತು ಗಾಳಿ ಇರ್ಲಿಲ್ಲ ಕಣ್ರೋ. ಅಮಾಸೆದೂ ಏನೂ ತಪ್ಪಿಲ್ಲ. ಇವ್ನು ಕೂಗ್ದ, ನಂಗೆ ಕೇಳುಸ್ತು, ಹೋಗ್ಲಿಲ್ಲ. ನಾನೇ ದೀಪ ಆರಿಸ್ಬುಟ್ಟೆ. ತಪ್ಪು ನಂದು ಅಣ್ಣಯ್ಯ. ನನ್ನ ಕ್ಷಮಿಸ್ಬುಡು."